ಸಂಬಳಪಟ್ಟಿಗೆ ಸೇರದ 570 ಮಂದಿ: ಪೈಲಟ್‌ಗಳ ವೇತನ ಮಾತುಕತೆಯಲ್ಲಿ ಒಗ್ಗಟ್ಟಿನ ಸ್ವರೂಪ

1. ಪ್ರಶ್ನೆ

1985ರ ಮೇ 17ರಂದು ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಸುಮಾರು 5,000 ಪೈಲಟ್‌ಗಳು ಮುಷ್ಕರ ಹೂಡಿದರು. ಅದು 29 ದಿನ ನಡೆಯಿತು. ಮುಷ್ಕರಕ್ಕೆ ಕಾರಣ ವೇತನ ಒಪ್ಪಂದ. ಆದರೆ ಕಂಪನಿ ಕಡಿತ ಮಾಡಲು ಹೊರಟಿದ್ದು ಮುಂದೆ ಕೆಲಸಕ್ಕೆ ಸೇರಲಿದ್ದವರ ಸಂಬಳವನ್ನು. ಅಂದು ಕೆಲಸದಲ್ಲಿದ್ದವರ ಸಂಬಳಕ್ಕೆ ಅದು ಕೈ ಹಾಕಿರಲಿಲ್ಲ. ಸಂಬಳದ ವಿಷಯ ಮುಷ್ಕರದ ಆರಂಭದ ದಿನಗಳಲ್ಲೇ ಬಹುಮಟ್ಟಿಗೆ ಇತ್ಯರ್ಥವಾಯಿತು. ಮುಷ್ಕರ ಮಾತ್ರ ನಿಲ್ಲಲಿಲ್ಲ. ಆಮೇಲೆ ಉಳಿದ ಜಗ್ಗಾಟವೆಲ್ಲ ಕೆಲಸಕ್ಕೆ ಮರಳುವ ಷರತ್ತುಗಳ ಮೇಲೆ, ಅದರಲ್ಲೂ 570 ಮಂದಿ ಹೊಸಬರ ನೌಕರಿಯ ಮೇಲೆ. ಕಂಪನಿಯ ತರಬೇತಿ ಕೇಂದ್ರದಲ್ಲಿ ತರಬೇತಿ ಮುಗಿಸಿ, ಮುಷ್ಕರದ ದಿನ ವಿಮಾನ ಹತ್ತಲು ಒಪ್ಪದೆ ಹೊರಗುಳಿದವರು ಅವರು.

ತಮ್ಮ ಜೇಬಿಗೆ ನೇರವಾಗಿ ತಟ್ಟದ ವಿಷಯಕ್ಕೆ ಸಾವಿರಾರು ಜನ ಒಂದು ತಿಂಗಳ ಸಂಬಳ ಬಿಟ್ಟದ್ದೇಕೆ? ಯೂನಿಯನ್ನಿನ ಪೂರ್ಣ ಸದಸ್ಯರೂ ಆಗಿರದ ಹೊಸಬರು ಕೈಗೆ ಬಂದ ನೌಕರಿಯನ್ನು ಪಣಕ್ಕೊಡ್ಡಿದ್ದೇಕೆ? ಈ ಟಿಪ್ಪಣಿ ಆ ಎರಡು ಪ್ರಶ್ನೆಗಳನ್ನು ಒಟ್ಟಿಗೆ ನೋಡುತ್ತದೆ. ವಾದ ಇಷ್ಟು: ವೇತನ ಮಾತುಕತೆಯಲ್ಲಿ ಪೈಲಟ್ ಸಂಘದ ಬಲ ತಿಳಿಯುವುದು ಮಾತುಕತೆಯ ಮೇಜಿನ ಬಳಿ ಕುಳಿತ ಹಿರಿಯರಿಗೆ ಎಷ್ಟು ದಕ್ಕಿತು ಎಂಬುದರಿಂದಲ್ಲ, ಆ ಮೇಜಿನ ಬಳಿ ಜಾಗವೇ ಇಲ್ಲದ ಕಿರಿಯರನ್ನು ಸಂಘ ಏನು ಮಾಡಿತು ಎಂಬುದರಿಂದ. ಕಿರಿಯರನ್ನು ಕೈಬಿಟ್ಟ ಒಗ್ಗಟ್ಟು ಮುಂದಿನ ಸುತ್ತಿನಲ್ಲಿ ಹಿರಿಯರನ್ನೂ ಕೈಬಿಡುತ್ತದೆ. ಇದನ್ನು ನೀತಿಯ ಮಾತಾಗಿ ಹೇಳುತ್ತಿಲ್ಲ. ಈ ವೃತ್ತಿಯ ಕಾನೂನು, ಸೀನಿಯಾರಿಟಿ ಪಟ್ಟಿ ಮತ್ತು ನ್ಯಾಯಾಲಯದ ದಾಖಲೆಗಳು ಅದನ್ನೇ ತೋರಿಸುತ್ತವೆ.

2. ಕಾನೂನಿನ ಚೌಕಟ್ಟು

ಅಮೆರಿಕದ ವಿಮಾನ ಕಂಪನಿಗಳ ಕಾರ್ಮಿಕ ಸಂಬಂಧಗಳು 1926ರ ರೈಲ್ವೆ ಲೇಬರ್ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ರೈಲುಗಳಿಗಾಗಿ ಮಾಡಿದ ಈ ಕಾಯ್ದೆಯನ್ನು 1936ರಲ್ಲಿ ವಿಮಾನಯಾನಕ್ಕೂ ವಿಸ್ತರಿಸಲಾಯಿತು. ಅದಕ್ಕಾಗಿ ಶ್ರಮಿಸಿದ್ದು ಡೇವಿಡ್ ಬೆನ್ಕೆ ಅವರ ನಾಯಕತ್ವದಲ್ಲಿ 1931ರಲ್ಲಿ ಹುಟ್ಟಿದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್, ಚಿಕ್ಕದಾಗಿ ಆಲ್ಪಾ.

ಈ ಕಾಯ್ದೆಯಲ್ಲಿ ವೇತನ ಒಪ್ಪಂದಕ್ಕೆ ಕೊನೆಯ ದಿನವೆಂಬುದಿಲ್ಲ. ನಿಗದಿತ ದಿನದ ಬಳಿಕ ಅದು ತಿದ್ದುಪಡಿಗೆ ತೆರೆದುಕೊಳ್ಳುತ್ತದೆ, ಅಷ್ಟೇ. ಹೊಸ ಒಪ್ಪಂದ ಆಗುವವರೆಗೆ ಹಳೆಯ ಸಂಬಳ, ಹಳೆಯ ನಿಯಮಗಳೇ ಮುಂದುವರಿಯುತ್ತವೆ. ಎರಡೂ ಕಡೆಯವರು ಮಾತಾಡಿ ಮುಗಿಸಲಾಗದಿದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಮೀಡಿಯೇಷನ್ ಬೋರ್ಡ್ ಸಂಧಾನಕ್ಕೆ ಬರುತ್ತದೆ. ಸಂಧಾನಕ್ಕೆ ಕಾಲಮಿತಿ ಇಲ್ಲ. ಎಷ್ಟು ಕಾಲ ಎಳೆಯಬೇಕೆಂಬುದು ಮಂಡಳಿಗೇ ಬಿಟ್ಟದ್ದು. ಇನ್ನು ಸಾಗದೆಂದು ಮಂಡಳಿಗೆ ಅನ್ನಿಸಿದಾಗ ಪಂಚಾಯ್ತಿ ತೀರ್ಪಿಗೆ ಒಪ್ಪುವಿರಾ ಎಂದು ಇಬ್ಬರನ್ನೂ ಕೇಳುತ್ತದೆ. ಒಬ್ಬರು ಒಲ್ಲೆನೆಂದರೂ ಸಾಕು, 30 ದಿನಗಳ ಎಣಿಕೆ ಶುರು. ಆ 30 ದಿನ ಕಳೆದ ಮೇಲಷ್ಟೇ ಮುಷ್ಕರಕ್ಕೂ ಬೀಗಮುದ್ರೆಗೂ ದಾರಿ ತೆರೆಯುತ್ತದೆ. ಆಗಲೂ ಅಧ್ಯಕ್ಷರು ತುರ್ತು ಮಂಡಳಿ ರಚಿಸಿ ತಡೆಯಬಹುದು. 1997ರ ಫೆಬ್ರುವರಿ 15ರಂದು ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳ ಮುಷ್ಕರ ಆರಂಭವಾದ ಕೆಲವೇ ನಿಮಿಷಗಳಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಹಾಗೆಯೇ ತಡೆದರು.

ಇಷ್ಟು ದೀರ್ಘ ಕಾಯುವಿಕೆಯಲ್ಲಿ ಪೈಲಟ್‌ಗಳು ಒಟ್ಟಾಗಿ ಕೆಲಸ ನಿಧಾನಿಸುವಂತಿಲ್ಲ, ಒಟ್ಟಾಗಿ ಅನಾರೋಗ್ಯದ ರಜೆ ಹಾಕುವಂತಿಲ್ಲ. 1999ರ ಫೆಬ್ರುವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್ ರೀನೊ ಏರ್ ಕಂಪನಿಯನ್ನು ಕೊಂಡ ಸಂದರ್ಭದಲ್ಲಿ ಪೈಲಟ್‌ಗಳು ಸಾಮೂಹಿಕವಾಗಿ ಅನಾರೋಗ್ಯದ ರಜೆ ಹಾಕಿದರು. ಕೆಲಸಕ್ಕೆ ಮರಳಿ ಎಂಬ ನ್ಯಾಯಾಲಯದ ಆದೇಶವನ್ನು ಪಾಲಿಸಲಿಲ್ಲವೆಂದು ಅವರ ಸಂಘ 4.55 ಕೋಟಿ ಡಾಲರ್ ಕಟ್ಟಬೇಕಾಗಿ ಬಂತು. ಹೀಗಾಗಿ ಕಾಯುವ ಕಾಲದಲ್ಲಿ ಒಗ್ಗಟ್ಟನ್ನು ತೋರಿಸುವ ದಾರಿಗಳು ಕೆಲವೇ: ರಜೆಯ ದಿನ ಸಮವಸ್ತ್ರ ತೊಟ್ಟು ವಿಮಾನ ನಿಲ್ದಾಣದ ಮುಂದೆ ಫಲಕ ಹಿಡಿದು ನಿಲ್ಲುವುದು, ಎಲ್ಲರೂ ಒಂದೇ ಬಣ್ಣದ ಕೊರಳಪಟ್ಟಿಯಲ್ಲಿ ಗುರುತಿನ ಚೀಟಿ ತೂಗುಹಾಕಿಕೊಳ್ಳುವುದು, ಮುಷ್ಕರಕ್ಕೆ ಒಪ್ಪಿಗೆ ಕೊಡುವ ಮತದಾನ.

ಈ ಮತದಾನವನ್ನು ಹಗುರವಾಗಿ ಕಾಣಬಾರದು. 2022ರ ಅಕ್ಟೋಬರಿನಲ್ಲಿ ಡೆಲ್ಟಾ ಏರ್‌ಲೈನ್ಸ್‌ನಲ್ಲಿ ಮತ ಹಾಕಿದ ಪೈಲಟ್‌ಗಳ ಪೈಕಿ ಶೇ 99ರಷ್ಟು ಮಂದಿ ಮುಷ್ಕರಕ್ಕೆ ಅಧಿಕಾರ ಕೊಟ್ಟರು. ಮುಷ್ಕರ ನಡೆಯಲೇ ಇಲ್ಲ. 2023ರ ಮಾರ್ಚ್‌ನಲ್ಲಿ ಅಂಗೀಕಾರವಾದ ಒಪ್ಪಂದದಲ್ಲಿ ನಾಲ್ಕು ವರ್ಷಗಳಲ್ಲಿ ಶೇ 34ರ ಆಸುಪಾಸಿನ ಏರಿಕೆ ದಕ್ಕಿತು. ಯುನೈಟೆಡ್ ಮತ್ತು ಅಮೆರಿಕನ್ ಪೈಲಟ್‌ಗಳು ಅದೇ ವರ್ಷ, ಸೌತ್‌ವೆಸ್ಟ್ ಪೈಲಟ್‌ಗಳು 2024ರ ಆರಂಭದಲ್ಲಿ ಅದನ್ನೇ ಆಧಾರವಾಗಿಟ್ಟುಕೊಂಡು ದೊಡ್ಡ ಏರಿಕೆ ಪಡೆದರು. ಕೊರೊನಾ ಕಾಲದ ಮುಂಚಿತ ನಿವೃತ್ತಿಗಳಿಂದ ಪೈಲಟ್‌ಗಳ ಕೊರತೆ ಇದ್ದದ್ದು ಇದಕ್ಕೆ ನೆರವಾಯಿತು. ಆದರೂ ಕೊರತೆ ತಾನಾಗಿ ಸಂಬಳ ಏರಿಸುವುದಿಲ್ಲ. ಕೊರತೆಯನ್ನು ಒಪ್ಪಂದದ ಸಾಲುಗಳಾಗಿ ಬರೆಸಿಕೊಳ್ಳಲು ಎಲ್ಲರೂ ಒಂದೇ ಉತ್ತರ ಕೊಡುವ ಸಂಘ ಬೇಕು.

3. ಸೀನಿಯಾರಿಟಿ ಪಟ್ಟಿ

ಪೈಲಟ್‌ಗಳ ಒಗ್ಗಟ್ಟನ್ನು ಅರ್ಥಮಾಡಿಕೊಳ್ಳಲು ಅವರ ಸೀನಿಯಾರಿಟಿ ಪಟ್ಟಿಯನ್ನು ನೋಡಲೇಬೇಕು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಕೆಲಸಕ್ಕೆ ಸೇರಿದ ದಿನಾಂಕದ ಪ್ರಕಾರ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಇರುತ್ತದೆ. ಯಾವ ಊರಿನಿಂದ ಹಾರಬೇಕು, ಯಾವ ವಿಮಾನ, ಎಡಗಡೆಯ ಕ್ಯಾಪ್ಟನ್ ಸೀಟೋ ಬಲಗಡೆಯ ಫಸ್ಟ್ ಆಫೀಸರ್ ಸೀಟೋ, ಈ ತಿಂಗಳು ಯಾವ ಪಾಳಿ, ಹಬ್ಬಕ್ಕೆ ರಜೆ ಸಿಗುತ್ತದೆಯೋ ಇಲ್ಲವೋ, ಕಂಪನಿ ನಷ್ಟದಲ್ಲಿದ್ದಾಗ ಮೊದಲು ಮನೆಗೆ ಹೋಗುವವರು ಯಾರು ಎಂಬುದೆಲ್ಲ ಆ ಸಂಖ್ಯೆಯಿಂದಲೇ ತೀರ್ಮಾನವಾಗುತ್ತದೆ.

ಆ ಸಂಖ್ಯೆಯನ್ನು ಇನ್ನೊಂದು ಕಂಪನಿಗೆ ಹೊತ್ತೊಯ್ಯಲು ಆಗುವುದಿಲ್ಲ. ಇಪ್ಪತ್ತು ವರ್ಷ ಹಾರಿಸಿದ ಕ್ಯಾಪ್ಟನ್ ಬೇರೆ ಕಂಪನಿಗೆ ಹೋದರೆ ಅಲ್ಲಿನ ಪಟ್ಟಿಯ ತಳದಿಂದ, ಹೊಸಬನ ಸಂಬಳದಿಂದ ಶುರುಮಾಡಬೇಕು. ಬೇಸರವಾದರೆ ಬಿಟ್ಟು ಹೋಗುವ ಸ್ವಾತಂತ್ರ್ಯ ಎಂಜಿನಿಯರಿಗೋ ಲೆಕ್ಕಪರಿಶೋಧಕರಿಗೋ ಇರುವಷ್ಟು ಪೈಲಟ್‌ಗೆ ಇಲ್ಲ. ಆದ್ದರಿಂದ ಇದ್ದ ಕಂಪನಿಯಲ್ಲೇ ಇದ್ದು ಅದನ್ನು ಸರಿಪಡಿಸಿಕೊಳ್ಳುವುದೇ ಅವರ ಪಾಲಿಗೆ ಉಳಿದ ದಾರಿ. ಯೂನಿಯನ್ ಅವರಿಗೆ ಅಷ್ಟು ಮುಖ್ಯವಾಗುವುದು ಇದರಿಂದ.

ಇದೇ ಪಟ್ಟಿ ಅವರನ್ನು ಒಡೆಯಬಲ್ಲದು ಕೂಡ. ಪಟ್ಟಿಯ ಮೇಲಿನವರ ಹಿತ ಪಿಂಚಣಿಯಲ್ಲಿದ್ದರೆ, ನಡುವಿನವರದು ಕ್ಯಾಪ್ಟನ್ ಬಡ್ತಿಯಲ್ಲಿ, ತಳದವರದು ಕೆಲಸ ಉಳಿಯುವುದರಲ್ಲಿ. ಮೇಲಿನವರಿಗೆ ಮಾತ್ರ ಹಿತವಾದ ಪ್ರಸ್ತಾಪವನ್ನು ಮುಂದಿಟ್ಟು ಬಹುಮತ ಗಳಿಸುವುದು ಕಂಪನಿಗೆ ಕಷ್ಟವಲ್ಲ. ಪಟ್ಟಿಗೆ ಇನ್ನೂ ಸೇರಿರದವರಿಗೆ ಕಡಿಮೆ ಕೊಡುತ್ತೇವೆ ಎಂಬ ಪ್ರಸ್ತಾಪವಂತೂ ಎಲ್ಲಕ್ಕಿಂತ ಸುಲಭ. ಏಕೆಂದರೆ ಅದನ್ನು ವಿರೋಧಿಸಿ ಮತ ಹಾಕಬೇಕಾದವರು ಇನ್ನೂ ಮತದಾರರಾಗಿರುವುದಿಲ್ಲ.

4. ಕಾಂಟಿನೆಂಟಲ್, 1983: ಸೋಲಿನ ಪಾಠ

1978ರ ಅಕ್ಟೋಬರಿನಲ್ಲಿ ಅಮೆರಿಕ ವಿಮಾನಯಾನದ ದರ ಮತ್ತು ಮಾರ್ಗಗಳ ಮೇಲಿನ ಸರ್ಕಾರಿ ನಿಯಂತ್ರಣವನ್ನು ಸಡಿಲಿಸಿತು. ಕಡಿಮೆ ಸಂಬಳದ ಹೊಸ ಕಂಪನಿಗಳು ಬಂದವು. 1981ರ ಆಗಸ್ಟಿನಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ವಾಯು ಸಂಚಾರ ನಿಯಂತ್ರಕರನ್ನು ಅಧ್ಯಕ್ಷ ರೊನಾಲ್ಡ್ ರೇಗನ್ ಕೆಲಸದಿಂದ ತೆಗೆದರು. ಮುಷ್ಕರ ಹೂಡಿದರೆ ನೌಕರಿಯೇ ಹೋಗಬಹುದೆಂಬ ಭಯ ಇಡೀ ಉದ್ಯಮದಲ್ಲಿ ನೆಲೆಯೂರಿತು.

ಈ ಹಿನ್ನೆಲೆಯಲ್ಲಿ ಫ್ರಾಂಕ್ ಲೊರೆಂಜೊ ಹಿಡಿತದಲ್ಲಿದ್ದ ಕಾಂಟಿನೆಂಟಲ್ ಏರ್‌ಲೈನ್ಸ್ ಬರುತ್ತದೆ. 1983ರ ಆಗಸ್ಟಿನಲ್ಲಿ ಅಲ್ಲಿನ ಮೆಕ್ಯಾನಿಕ್‌ಗಳು ಮುಷ್ಕರ ಹೂಡಿದಾಗ ಪೈಲಟ್‌ಗಳು ಅವರನ್ನು ದಾಟಿಕೊಂಡು ಹೋಗಿ ವಿಮಾನ ಹಾರಿಸಿದರು. ಸೆಪ್ಟೆಂಬರ್ 24ರಂದು ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿ, ಪೈಲಟ್‌ಗಳ ಒಪ್ಪಂದವನ್ನು ತಳ್ಳಿಹಾಕಿ, ಅವರ ಸಂಬಳ ಸವಲತ್ತುಗಳನ್ನು ಅರ್ಧಕ್ಕಿಂತ ಹೆಚ್ಚು ಕಡಿತಗೊಳಿಸಿತು. ಅಕ್ಟೋಬರ್ 1ರಂದು ಪೈಲಟ್‌ಗಳು ಹೊರಬಂದರು. ಆಗ ಅವರ ಜೊತೆ ನಿಲ್ಲಬೇಕಾದವರು ಆಗಲೇ ದಣಿದಿದ್ದರು. ಪೈಲಟ್‌ಗಳಲ್ಲೇ ಒಬ್ಬೊಬ್ಬರಾಗಿ ಕೆಲಸಕ್ಕೆ ಮರಳಿದರು, ಹೊಸಬರೂ ಸೇರಿಕೊಂಡರು. 1985ರ ಆಗಸ್ಟ್ ಹೊತ್ತಿಗೆ 1,600 ಮಂದಿ ಹಾರಿಸುತ್ತಿದ್ದರು. ಮುಷ್ಕರದಲ್ಲಿ ಉಳಿದವರು 1,000 ಮಾತ್ರ.

ಈ ಸೋಲು ಕೊನೆಗೆ ಯಾವ ರೂಪ ತಾಳಿತೆಂಬುದನ್ನು ಹತ್ತಿರದಿಂದ ನೋಡಬೇಕು. ಎರಡು ವರ್ಷ ದಾಟಿದ ಮುಷ್ಕರ 1985ರ ಅಕ್ಟೋಬರ್ 31ರಂದು ಮುಗಿಯಿತು. ಅದಕ್ಕೆ ಮುನ್ನ ಸೆಪ್ಟೆಂಬರಿನಲ್ಲಿ ಕಂಪನಿ 441 ಕ್ಯಾಪ್ಟನ್ ಮತ್ತು ಫಸ್ಟ್ ಆಫೀಸರ್ ಹುದ್ದೆಗಳಿಗೆ ಅರ್ಜಿ ಕರೆದು, ಅವನ್ನು ಕೆಲಸದಲ್ಲಿದ್ದವರಿಗೇ ಹಂಚಲು ಹೊರಟಿತ್ತು. ಇತ್ಯರ್ಥದ ಪ್ರಕಾರ ಕ್ಯಾಪ್ಟನ್ ಹುದ್ದೆಗಳಲ್ಲಿ ಮೊದಲ 100 ಮುಷ್ಕರ ಕಾಲದಲ್ಲಿ ಕೆಲಸ ಮಾಡಿದವರಿಗೆ, ನಂತರದ 70 ಮುಷ್ಕರದಲ್ಲಿದ್ದವರಿಗೆ, ಆಮೇಲೆ ಒಂದಕ್ಕೊಂದರಂತೆ. ಹತ್ತಾರು ವರ್ಷ ಒಂದೇ ಸಾಲಿನಲ್ಲಿ ಓದಿಕೊಂಡು ಬಂದ ಪಟ್ಟಿಯನ್ನು ಎರಡು ಸಾಲುಗಳಾಗಿ ಸೀಳಿದ ಲೆಕ್ಕ ಇದು. ಸಿಟ್ಟಿಗೆದ್ದ ಕೆಲವರು ತಮ್ಮ ಯೂನಿಯನ್ನಿನ ಮೇಲೆಯೇ ದಾವೆ ಹೂಡಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಯೂನಿಯನ್ ಪರ ತೀರ್ಪು ಕೊಟ್ಟಿತು. ಒಪ್ಪಂದ ಕೆಟ್ಟದ್ದೆಂದು ಆಮೇಲೆ ತಿಳಿದುಬಂದರೂ, ಮಾಡಿಕೊಂಡ ಹೊತ್ತಿನಲ್ಲಿ ಅದು ತೀರಾ ಅವಿವೇಕದ್ದಾಗಿರದಿದ್ದರೆ ಸಂಘ ತನ್ನ ಕರ್ತವ್ಯಕ್ಕೆ ದ್ರೋಹ ಮಾಡಿದಂತಲ್ಲ ಎಂಬುದು ಅದರ ತಿರುಳು. ಕಾನೂನಿನ ಮಟ್ಟಿಗೆ ಸಂಘ ಗೆದ್ದಿತು. ಸಹೋದ್ಯೋಗಿಗಳ ನಡುವೆ ಬಿದ್ದ ಬಿರುಕನ್ನು ಯಾವ ತೀರ್ಪೂ ಮುಚ್ಚಲಾರದು.

5. ಯುನೈಟೆಡ್, 1985

ಕಾಂಟಿನೆಂಟಲ್ ಮುಷ್ಕರ ಇನ್ನೂ ನಡೆಯುತ್ತಿದ್ದಾಗಲೇ ಯುನೈಟೆಡ್‌ನ ಮಾತುಕತೆ ಬಿಕ್ಕಟ್ಟಿಗೆ ಬಂತು. ಅಮೆರಿಕನ್ ಏರ್‌ಲೈನ್ಸ್ 1983ರಲ್ಲೇ ತನ್ನ ಪೈಲಟ್‌ಗಳ ಸಂಘದೊಂದಿಗೆ ಎರಡು ಶ್ರೇಣಿಯ ಸಂಬಳಕ್ಕೆ ಒಪ್ಪಂದ ಮಾಡಿಕೊಂಡಿತ್ತು: ಹಳಬರಿಗೆ ಎ-ಸ್ಕೇಲ್, ಹೊಸಬರಿಗೆ ತೀರಾ ಕಡಿಮೆಯ ಬಿ-ಸ್ಕೇಲ್. ಯುನೈಟೆಡ್‌ನ ಮುಖ್ಯಸ್ಥ ರಿಚರ್ಡ್ ಫೆರಿಸ್ ತನಗೂ ಅದೇ ಬೇಕೆಂದರು. ಅಷ್ಟೇ ಅಲ್ಲ, ಹೊಸಬರು ಹಳಬರ ಶ್ರೇಣಿ ಮುಟ್ಟಲು ಬಹುದೀರ್ಘ ಕಾಲ ಹಿಡಿಯುವಂಥ ಏರ್ಪಾಡು ಅವರ ಮನಸ್ಸಿನಲ್ಲಿತ್ತು. ಕಂಪನಿಯೇನೂ ಮುಳುಗುತ್ತಿರಲಿಲ್ಲ. 1985ರ ಏಪ್ರಿಲ್‌ನಲ್ಲಿ ಪ್ಯಾನ್ ಆಮ್‌ನ ಪೆಸಿಫಿಕ್ ಮಾರ್ಗಗಳನ್ನು 75 ಕೋಟಿ ಡಾಲರಿಗೆ ಕೊಳ್ಳುವುದಾಗಿ ಅದು ಘೋಷಿಸಿತ್ತು. ಬೆಳೆಯಲಿರುವ ಕಂಪನಿಗೆ ನೂರಾರು ಹೊಸ ಪೈಲಟ್‌ಗಳು ಬೇಕು. ಅವರು ಅಗ್ಗಕ್ಕೆ ಬೇಕು.

ಆಲ್ಪಾ ಕಾಂಟಿನೆಂಟಲ್‌ನ ತಪ್ಪುಗಳನ್ನು ಓದಿಕೊಂಡು ಸಿದ್ಧತೆ ಮಾಡಿತು. ಎಲ್ಲ ಊರುಗಳ ಪೈಲಟ್‌ಗಳನ್ನೂ ಉಪಗ್ರಹದ ಮೂಲಕ ಏಕಕಾಲಕ್ಕೆ ಜೋಡಿಸಿ ದೂರದರ್ಶನ ಸಭೆ ನಡೆಸಿತು. ಅಂದಿನ ಮಟ್ಟಿಗೆ ಯಾವ ಕಾರ್ಮಿಕ ಸಂಘಕ್ಕೂ ಅದು ದೊಡ್ಡ ಸಾಹಸ. ಮನೆಮಂದಿಯನ್ನೂ ಈ ಕೆಲಸದಲ್ಲಿ ಸೇರಿಸಿಕೊಂಡಿತು. ಮುಷ್ಕರ ಮುರಿಯುವ ನಿರ್ಧಾರ ಬಹುಸಲ ಅಡುಗೆಮನೆಯಲ್ಲಿ, ಮನೆ ಸಾಲದ ಕಂತಿನ ಕಾಗದದ ಮುಂದೆ ಆಗುತ್ತದೆ. ಹೆಂಡತಿಗೋ ಗಂಡನಿಗೋ ವಿಷಯ ಗೊತ್ತಿದ್ದರೆ, ಅದೇ ಕಷ್ಟದಲ್ಲಿರುವ ಇನ್ನೊಂದು ಮನೆಯ ಫೋನ್ ನಂಬರ್ ಕೈಯಲ್ಲಿದ್ದರೆ, ಆ ನಿರ್ಧಾರ ಬದಲಾಗಬಲ್ಲದು. ಭಾಷಣದಿಂದ ಹುಟ್ಟಿದ ಹುರುಪು ಎರಡನೇ ವಾರಕ್ಕೆ ಇಳಿಯುತ್ತದೆ. ಮೂರನೇ ವಾರ ಜನರನ್ನು ಹಿಡಿದು ನಿಲ್ಲಿಸುವುದು ಇಂಥ ಸಣ್ಣ ಏರ್ಪಾಡುಗಳು.

ಇನ್ನು 570 ಮಂದಿ. ಮುಷ್ಕರ ನಡೆದರೆ ವಿಮಾನ ಹಾರಿಸಲು ಇರಲಿ ಎಂದು ಕಂಪನಿ ಅವರನ್ನು ಆರಿಸಿ ಡೆನ್ವರ್‌ನ ತನ್ನ ತರಬೇತಿ ಕೇಂದ್ರದಲ್ಲಿ ತಯಾರು ಮಾಡಿತ್ತು. ತರಬೇತಿ ಮುಗಿದಿತ್ತು. ಹೆಸರು ಮಾತ್ರ ಸಂಬಳಪಟ್ಟಿಗೆ ಏರಿರಲಿಲ್ಲ. ಮುಷ್ಕರದ ದಿನ ಕೆಲಸಕ್ಕೆ ಹಾಜರಾದರೆ ನೌಕರಿ ಎಂಬುದು ಅವರ ಮುಂದಿದ್ದ ಷರತ್ತು. ಅವರ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ದೊಡ್ಡ ಕಂಪನಿಯ ನೌಕರಿಗಾಗಿ ವರ್ಷಗಟ್ಟಲೆ ಸಣ್ಣ ವಿಮಾನಗಳನ್ನೋ ಸೇನೆಯ ವಿಮಾನಗಳನ್ನೋ ಹಾರಿಸಿ ಗಂಟೆ ಕೂಡಿಸಿಕೊಂಡವರು. ಕಾನೂನಿನ ಕಣ್ಣಿನಲ್ಲಿ ಅವರಿನ್ನೂ ನೌಕರರೇ ಹೌದೋ ಅಲ್ಲವೋ ಎಂಬುದೇ ಅನುಮಾನ. ಮುಷ್ಕರ ಸೋತರೆ ಅವರಿಗೆ ಮರಳಿ ಹೋಗಲು ಹಳೆಯ ಹುದ್ದೆ ಇಲ್ಲ, ಪಟ್ಟಿಯಲ್ಲಿ ಸಂಖ್ಯೆಯೂ ಇಲ್ಲ. ಹಾಗಿದ್ದೂ ಬೆರಳೆಣಿಕೆಯಷ್ಟು ಮಂದಿಯನ್ನು ಬಿಟ್ಟು ಉಳಿದವರೆಲ್ಲ ಹಾಜರಾಗಲಿಲ್ಲ. ಹಳಬರಲ್ಲೂ ಬಹುಪಾಲು ಜನ ಹೊರಗೇ ಉಳಿದರು. ಗಗನಸಖಿಯರ ಸಂಘವೂ ಜೊತೆ ನಿಂತಿತು. ಕಂಪನಿಯ ಹೆಚ್ಚಿನ ವಿಮಾನಗಳು ನೆಲ ಬಿಡಲಿಲ್ಲ.

ಹಾರಾಟ ಮುಂದುವರಿಸಲು ಕಂಪನಿ ಬೇರೆ ಕಡೆಯ ಅನುಭವಿ ಪೈಲಟ್‌ಗಳನ್ನು ಸಾಮಾನ್ಯ ಆರಂಭಿಕ ಸಂಬಳಕ್ಕಿಂತ ಬಹಳ ಹೆಚ್ಚಿನ ಖಾತರಿ ಸಂಬಳ ಕೊಟ್ಟು ನೇಮಿಸಿಕೊಂಡಿತು. ಹೊಸಬರಿಗೆ ಹೆಚ್ಚು ಕೊಟ್ಟರೆ ಬದುಕಲಾಗದು ಎಂದು ವಾದಿಸುತ್ತಿದ್ದ ಕಂಪನಿ, ಮುಷ್ಕರ ಮುರಿಯಲು ಬಂದ ಹೊಸಬರಿಗೆ ಹೆಚ್ಚು ಕೊಟ್ಟಿತು. ಇದನ್ನು ಇಲ್ಲಿ ದಾಖಲಿಸುವುದು ಮುಖ್ಯ. ಸಂಬಳದ ಮೇಲಿನ ಹೋರಾಟ ಬರೇ ಹಣದ ಲೆಕ್ಕವಾಗಿರಲಿಲ್ಲ. ಮುಂದೆ ದರ ನಿರ್ಧರಿಸುವ ಕೈ ಯಾರದೆಂಬುದರ ಮೇಲಿನ ಹೋರಾಟವೂ ಆಗಿತ್ತು ಎಂಬುದಕ್ಕೆ ಇದು ಸಾಕ್ಷಿ.

ಸಂಬಳದಲ್ಲಿ ಎರಡೂ ಕಡೆಯವರು ಮಧ್ಯದಲ್ಲಿ ಸಂಧಿಸಿದರು. ಬಿ-ಸ್ಕೇಲ್ ಬಂತು; ಆದರೆ ಆರಂಭದ ವರ್ಷಗಳಿಗೆ ಸೀಮಿತವಾಗಿ, ಆಮೇಲಿನದು ಮುಂದಿನ ಮಾತುಕತೆಗೆ ಬಿಟ್ಟುಕೊಂಡು. ಕೆಲಸಕ್ಕೆ ಮರಳುವ ಷರತ್ತುಗಳಲ್ಲಿ ಆಲ್ಪಾ ಪಟ್ಟು ಬಿಡಲಿಲ್ಲ. 570 ಮಂದಿಗೆ ನೌಕರಿ ಇಲ್ಲವೆಂದು ಕಂಪನಿ ಹಟ ಹಿಡಿಯಿತು. ಅವರನ್ನು ಬಿಟ್ಟುಕೊಟ್ಟಿದ್ದರೆ ಐದು ಸಾವಿರ ಮಂದಿ ಮರುದಿನವೇ ಕೆಲಸಕ್ಕೆ ಮರಳಬಹುದಿತ್ತು. ಬಿಟ್ಟುಕೊಡದೆ ವಾರಗಟ್ಟಲೆ ಹೊರಗೇ ಉಳಿದರು. ಜೂನ್ ಮಧ್ಯದಲ್ಲಿ ಮುಷ್ಕರ ಮುಗಿದಾಗ 570 ಮಂದಿಯ ಪ್ರಶ್ನೆಯನ್ನು ನ್ಯಾಯಾಲಯದ ಮುಂದಿಡಲು ದಾರಿ ಉಳಿಸಿಕೊಂಡೇ ಒಳಗೆ ಹೋದರು.

6. ನ್ಯಾಯಾಲಯದಲ್ಲಿ ಏಳು ವರ್ಷ

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಈ ಪ್ರಕರಣದ ನಿಜವಾದ ತೂಕ ಅದರ ಉತ್ತರಾರ್ಧದಲ್ಲಿದೆ. ಇಲಿನಾಯ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯ 1985ರಲ್ಲೇ 570 ಮಂದಿಯ ಪರವಾಗಿ ನಿಂತಿತು. ಮುಷ್ಕರಕ್ಕೆ ಬೆಂಬಲ ಕೊಟ್ಟರೆಂಬ ಕಾರಣಕ್ಕೆ ಅವರಿಗೆ ನೌಕರಿ ನಿರಾಕರಿಸುವುದು ಸಲ್ಲದು ಎಂಬುದು ಅದರ ನಿಲುವು. ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 1986ರಲ್ಲಿ 570 ಮಂದಿಯ ಮಟ್ಟಿಗೆ ಅದನ್ನು ಎತ್ತಿಹಿಡಿಯಿತು.

ನೌಕರಿ ಸಿಕ್ಕಿದರೂ ಸೀನಿಯಾರಿಟಿ ಸಂಖ್ಯೆಯ ತಕರಾರು ಉಳಿಯಿತು. ಮುಷ್ಕರದ ದಿನಗಳಲ್ಲಿ ಸೇರಿದ ಬದಲಿ ಪೈಲಟ್‌ಗಳು ಪಟ್ಟಿಯಲ್ಲಿ 570 ಮಂದಿಗಿಂತ ಮೇಲಿದ್ದರು. ಆಲ್ಪಾ ವರ್ಷಗಳ ಬಳಿಕ ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಈ ವಿಷಯವನ್ನು ಮತ್ತೆ ಎತ್ತಿ, 570 ಮಂದಿಯ ಪರವಾಗಿ ಪಟ್ಟಿಯನ್ನು ಬದಲಾಯಿಸಿಕೊಂಡಿತು. ಬದಲಿ ಪೈಲಟ್‌ಗಳು ಇದು ಸೇಡಿನ ಕ್ರಮವೆಂದು ದಾವೆ ಹೂಡಿದರು. 1992ರಲ್ಲಿ ಏಳನೇ ಸರ್ಕ್ಯೂಟ್ ಅವರ ವಾದವನ್ನು ತಳ್ಳಿಹಾಕಿತು. ಪಟ್ಟಿ ಒಪ್ಪಂದದಿಂದ ಹುಟ್ಟಿದ್ದು, ಒಪ್ಪಂದದಿಂದಲೇ ಬದಲಾಗಬಹುದು ಎಂಬ ತತ್ವ ನಿಂತಿತು. ಒಂದು ಮುಂಜಾನೆ ಕೆಲಸಕ್ಕೆ ಹಾಜರಾಗದವರ ಸಾಲವನ್ನು ಸಂಘ ಏಳು ವರ್ಷ ನೆನಪಿಟ್ಟುಕೊಂಡು ತೀರಿಸಿತು.

ಕಾನೂನು ಇವರಿಗೆ ತಾನಾಗಿ ಒಲಿದು ಬಂದದ್ದಲ್ಲ. 1989ರಲ್ಲಿ ಟ್ರಾನ್ಸ್ ವರ್ಲ್ಡ್ ಏರ್‌ಲೈನ್ಸ್‌ನ ಗಗನಸಖಿಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ಮುಷ್ಕರದ ನಡುವೆ ಮರಳಿ ಕೆಲಸಕ್ಕೆ ಬಂದ ಕಿರಿಯರನ್ನು ಆ ಜಾಗಗಳಿಂದ ತೆಗೆದು, ಮುಷ್ಕರ ಮುಗಿಸಿ ಬಂದ ಹಿರಿಯರಿಗೆ ಕೊಡಬೇಕಾದ ಹೊಣೆ ಕಂಪನಿಗಿಲ್ಲ. ಅಂದರೆ ಮುಷ್ಕರ ಮುರಿದವರಿಗೆ ಲಾಭ ಉಳಿಯುವುದು ಅಲ್ಲಿ ಕಾನೂನುಬದ್ಧ. ಇಂಥ ಕಡೆ ಪರಸ್ಪರ ನಂಬಿಕೆಯನ್ನು ಕಾನೂನಿನ ಕೈಗೆ ಒಪ್ಪಿಸಿ ನಿಶ್ಚಿಂತರಾಗಿರಲು ಬರುವುದಿಲ್ಲ. ಸಂಘವೇ ಅದನ್ನು ಒಪ್ಪಂದದ ಷರತ್ತಾಗಿ ಬರೆಸಬೇಕು.

7. ಆಕ್ಷೇಪಗಳು

ಮೊದಲನೆಯದು: ಇದು ತ್ಯಾಗವಲ್ಲ, ಹಿರಿಯರ ಸ್ವಹಿತವೇ. ಬಿ-ಸ್ಕೇಲ್ ಒಮ್ಮೆ ಬಂದರೆ ಕೆಲವೇ ವರ್ಷಗಳಲ್ಲಿ ಕಡಿಮೆ ಸಂಬಳದವರ ಸಂಖ್ಯೆ ಬೆಳೆಯುತ್ತದೆ. ಒಂದೇ ಕಾಕ್‌ಪಿಟ್ಟಿನಲ್ಲಿ, ಒಂದೇ ಬಗೆಯ ಕೆಲಸಕ್ಕೆ ಬೇರೆ ಬೇರೆ ಸಂಬಳ ಪಡೆಯುವವರು ಹಳಬರ ಪಿಂಚಣಿಯನ್ನು ಕಾಪಾಡಲು ಮತ ಹಾಕುವರೆಂದು ನಂಬಲಾಗದು. ಈ ಆಕ್ಷೇಪ ಸರಿಯಾಗಿಯೇ ಇದೆ, ಅದು ನಮ್ಮ ವಾದಕ್ಕೆ ಪೋಷಕವೂ ಹೌದು. ಒಗ್ಗಟ್ಟನ್ನು ಸ್ವಹಿತಕ್ಕೆ ವಿರುದ್ಧವಾದ ಗುಣವೆಂದು ಹೊಗಳುವ ಅಗತ್ಯವಿಲ್ಲ. ನಾಳಿನ ಸ್ವಹಿತವನ್ನು ಇಂದು ಕಾಣುವ ಬುದ್ಧಿಯೇ ಒಗ್ಗಟ್ಟು. ಆದರೆ 570 ಮಂದಿಯ ನಡೆಯನ್ನು ಈ ಲೆಕ್ಕ ಪೂರ್ತಿ ವಿವರಿಸುವುದಿಲ್ಲ. ಅವರಿಗೆ ನಾಳೆ ಎಂಬುದೇ ಖಾತ್ರಿಯಿರಲಿಲ್ಲ.

ಎರಡನೆಯದು: ಗೆಲುವು ಅರ್ಧದ್ದು. ಬಿ-ಸ್ಕೇಲನ್ನು ಸಂಘ ತಡೆಯಲಾಗಲಿಲ್ಲ. ಇದನ್ನು ಒಪ್ಪಬೇಕು. ಮುಷ್ಕರವನ್ನು ಪೂರ್ಣ ವಿಜಯವೆಂದು ಹೇಳುವ ನೆನಪುಗಳು ಈ ಭಾಗವನ್ನು ಬೇಗ ದಾಟಿಬಿಡುತ್ತವೆ.

ಮೂರನೆಯದು: ಒಗ್ಗಟ್ಟಿದ್ದರೂ ಸೋಲಬಹುದು. 1989ರ ಮಾರ್ಚ್‌ನಲ್ಲಿ ಈಸ್ಟರ್ನ್ ಏರ್‌ಲೈನ್ಸ್‌ನ ಮೆಕ್ಯಾನಿಕ್‌ಗಳು ಮುಷ್ಕರ ಹೂಡಿದಾಗ ಪೈಲಟ್‌ಗಳು ಕಾಂಟಿನೆಂಟಲ್‌ನ ತಪ್ಪನ್ನು ಮರುಕಳಿಸದೆ ಅವರ ಜೊತೆ ಹೊರಬಂದರು. ಅಲ್ಲಿಯೂ ಎದುರಾಳಿ ಲೊರೆಂಜೊ. ಪೈಲಟ್‌ಗಳು ನವೆಂಬರಿನಲ್ಲಿ ಹಿಂದೆ ಸರಿದರು. 1991ರ ಜನವರಿಯಲ್ಲಿ ಕಂಪನಿಯೇ ಮುಚ್ಚಿತು. ಕಂಪನಿ ಉಳಿಯಬೇಕೆಂಬ ಆಸೆ ಎದುರಿನವರಿಗೂ ಇದ್ದಾಗ ಮಾತ್ರ ಮುಷ್ಕರಕ್ಕೆ ಬೆಲೆ. ಬೆಳೆಯಲು ಹಾತೊರೆಯುತ್ತಿದ್ದ ಯುನೈಟೆಡ್‌ಗೆ ಆ ಆಸೆ ಇತ್ತು.

ನಾಲ್ಕನೆಯದು ಹೆಚ್ಚು ನೋವಿನದು. ಮುಷ್ಕರ ಮುರಿದವರ ಹೆಸರುಗಳನ್ನು ಪಟ್ಟಿ ಮಾಡಿಟ್ಟು ದಶಕಗಟ್ಟಲೆ ಅವರೊಡನೆ ಮಾತು ಬಿಡುವ ರೂಢಿ ಅಮೆರಿಕದ ಪೈಲಟ್‌ಗಳಲ್ಲಿದೆ. ಅದರ ಹಿಂದಿನ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಕಾಕ್‌ಪಿಟ್ ಎಂದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ಆ ಕ್ಷಣವೇ ಬಾಯಿಬಿಟ್ಟು ಹೇಳಬೇಕಾದ ಜಾಗ. ಅಲ್ಲಿ ಮೌನವನ್ನು ಶಿಕ್ಷೆಯಾಗಿ ಬಳಸುವುದನ್ನು ಒಗ್ಗಟ್ಟಿನ ಹೆಸರಿನಲ್ಲಿ ಸಮರ್ಥಿಸಲಾಗದು.

8. ಭಾರತದ ಅನುಭವ

ಇದೇ ಮಾನದಂಡವನ್ನು ಭಾರತಕ್ಕೆ ಹಿಡಿದರೆ ಎರಡು ಚಿತ್ರಗಳು ಎದುರಾಗುತ್ತವೆ. 2009ರಲ್ಲಿ ಜೆಟ್ ಏರ್‌ವೇಸ್‌ನ ಪೈಲಟ್‌ಗಳು ನ್ಯಾಷನಲ್ ಏವಿಯೇಟರ್ಸ್ ಗಿಲ್ಡ್ ಎಂಬ ಸಂಘ ಕಟ್ಟಿದರು. ಮುಂದಾಳುಗಳಾಗಿದ್ದ ಇಬ್ಬರನ್ನು ಕಂಪನಿ ಕೆಲಸದಿಂದ ತೆಗೆಯಿತು. ಸೆಪ್ಟೆಂಬರಿನಲ್ಲಿ ನೂರಾರು ಪೈಲಟ್‌ಗಳು ಅನಾರೋಗ್ಯದ ರಜೆ ಹಾಕಿ ಐದು ದಿನ ಹಾರಾಟ ಅಸ್ತವ್ಯಸ್ತಗೊಳಿಸಿದರು. ಕೊನೆಗೆ ತೆಗೆದವರನ್ನು ಕಂಪನಿ ಮರಳಿ ಸೇರಿಸಿಕೊಂಡಿತು. ಪ್ರಯಾಣಿಕರು ಪಟ್ಟ ಪಾಡು ಸಣ್ಣದಲ್ಲ. ಆದರೂ ಅಪಾಯದಲ್ಲಿದ್ದ ಇಬ್ಬರಿಗಾಗಿ ಅಪಾಯವಿಲ್ಲದವರು ನಿಂತದ್ದು 570 ಮಂದಿಯ ಪ್ರಕರಣಕ್ಕೆ ಹತ್ತಿರದ್ದು.

ಏರ್ ಇಂಡಿಯಾದ ಚಿತ್ರ ತದ್ವಿರುದ್ಧ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ವಿಲೀನಗೊಂಡವು. ಕಂಪನಿ ಒಂದಾಯಿತು, ಪೈಲಟ್‌ಗಳ ಸಂಬಳ, ಬಡ್ತಿ, ಸಂಘಗಳು ಒಂದಾಗಲಿಲ್ಲ. ಇಂಡಿಯನ್ ಏರ್‌ಲೈನ್ಸ್ ಕಡೆಯವರದು ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್. ಏರ್ ಇಂಡಿಯಾ ಕಡೆಯವರದು ಇಂಡಿಯನ್ ಪೈಲಟ್ಸ್ ಗಿಲ್ಡ್. 2011ರ ಏಪ್ರಿಲ್ ಕೊನೆಯಲ್ಲಿ ಮೊದಲನೆಯ ಸಂಘ ಸಮಾನ ಸಂಬಳಕ್ಕಾಗಿ ಹತ್ತು ದಿನ ಮುಷ್ಕರ ನಡೆಸಿತು. ಆಡಳಿತ ಅದರ ಮಾನ್ಯತೆ ರದ್ದು ಮಾಡಿ ಕಚೇರಿಗಳಿಗೆ ಬೀಗ ಜಡಿಯಿತು. 2012ರ ಮೇ ತಿಂಗಳಿಂದ ಸುಮಾರು ಎರಡು ತಿಂಗಳು ಎರಡನೆಯ ಸಂಘದ ಪೈಲಟ್‌ಗಳ ಸರದಿ. ಹೊಸ ಬೋಯಿಂಗ್ 787 ಡ್ರೀಮ್‌ಲೈನರ್ ತರಬೇತಿಯನ್ನು ಇನ್ನೊಂದು ಸಂಘದವರಿಗೂ ಹಂಚುವುದಕ್ಕೆ ವಿರೋಧವಾಗಿ ಆ ಮುಷ್ಕರ. ಒಬ್ಬರು ಸಮಾನತೆ ಕೇಳಿ ಹೊರಬಂದರು, ಇನ್ನೊಬ್ಬರು ಹಂಚಿಕೆಯನ್ನು ವಿರೋಧಿಸಿ ಹೊರಬಂದರು. ಒಂದು ಸಂಘ ಬೀದಿಯಲ್ಲಿದ್ದಾಗ ಇನ್ನೊಂದು ವಿಮಾನ ಹಾರಿಸಿತು. ಎರಡು ಸಲವೂ ನ್ಯಾಯಾಲಯದ ಆದೇಶ, ವಜಾ, ಮತ್ತು ಬರಿಗೈಯ ವಾಪಸಾತಿಗೆ ಹತ್ತಿರದ ಅಂತ್ಯ.

ಇಲ್ಲಿ ವ್ಯಕ್ತಿಗಳನ್ನು ದೂರಿ ಪ್ರಯೋಜನವಿಲ್ಲ. ವ್ಯತ್ಯಾಸದ ಬೇರು ಕಾನೂನಿನಲ್ಲಿದೆ. ಅಮೆರಿಕದಲ್ಲಿ ಮತದಾನದ ಮೂಲಕ ಒಂದು ಕಂಪನಿಯ ಎಲ್ಲ ಪೈಲಟ್‌ಗಳ ಪ್ರತಿನಿಧಿಯಾಗಿ ಒಂದೇ ಸಂಘಕ್ಕೆ ಸರ್ಕಾರಿ ಮಂಡಳಿಯ ಪ್ರಮಾಣಪತ್ರ ದೊರೆಯುತ್ತದೆ. ಸಿಟ್ಟು ಬಂದಾಗ ಕಂಪನಿ ಅದನ್ನು ಹರಿದು ಹಾಕುವಂತಿಲ್ಲ. ಭಾರತದಲ್ಲಿ ಬಹುಕಾಲ ಸಂಘಕ್ಕೆ ಮಾನ್ಯತೆ ಕೊಡಲೇಬೇಕೆಂಬ ದೇಶವ್ಯಾಪಿ ಕಾಯ್ದೆ ಇರಲಿಲ್ಲ. 1971ರಲ್ಲಿ ಮಹಾರಾಷ್ಟ್ರ ತನ್ನ ಮಟ್ಟಿಗೆ ಅಂಥ ಕಾಯ್ದೆ ಮಾಡಿದ್ದು ಅಪರೂಪ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಶೇ 51ರಷ್ಟು ನೌಕರರ ಬೆಂಬಲವಿರುವ ಸಂಘವನ್ನು ಏಕೈಕ ಮಾತುಕತೆಯ ಸಂಘವೆಂದು ಗುರುತಿಸುತ್ತದೆ. ಅದೇ ಸಂಹಿತೆ, ಅರ್ಧದಷ್ಟು ಅಥವಾ ಹೆಚ್ಚು ನೌಕರರು ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕುವುದನ್ನೂ ಮುಷ್ಕರವೆಂದೇ ಎಣಿಸುತ್ತದೆ. ಮಾತುಕತೆಗೆ ಒಂದು ಬಾಗಿಲು ತೆರೆದು ಪ್ರತಿಭಟನೆಯ ಒಂದು ಕಿಟಕಿಯನ್ನು ಅದು ಮುಚ್ಚಿದೆ. ತೆರೆದ ಬಾಗಿಲನ್ನು ಬಳಸಿಕೊಳ್ಳಬೇಕಾದರೆ ಹಿರಿಯ ಕ್ಯಾಪ್ಟನ್ನೂ ಮೊದಲ ವರ್ಷದ ಫಸ್ಟ್ ಆಫೀಸರೂ ಒಂದೇ ಸಂಘದಲ್ಲಿರಬೇಕು.

9. ತೀರ್ಮಾನ

ಈ ಪರಿಶೀಲನೆಯಿಂದ ಮೂರು ಮಾತು ಹೇಳಬಹುದು. ಒಂದು, ಪೈಲಟ್‌ಗಳ ಒಗ್ಗಟ್ಟು ಸ್ವಭಾವಸಿದ್ಧವಲ್ಲ. ಅವರನ್ನು ಜೋಡಿಸುವ ಸೀನಿಯಾರಿಟಿ ಪಟ್ಟಿಯೇ ಅವರನ್ನು ಒಡೆಯಲೂ ಬಲ್ಲದು, ಅದನ್ನು ಯಾವ ಕಡೆ ತಿರುಗಿಸಬೇಕೆಂಬುದು ಸಂಘದ ಆಯ್ಕೆ. ಎರಡು, ಆ ಆಯ್ಕೆ ಬಯಲಾಗುವುದು ಸಂಬಳದ ಅಂಕಿಗಳಲ್ಲಿ ಅಲ್ಲ, ಕೆಲಸಕ್ಕೆ ಮರಳುವ ಷರತ್ತುಗಳಲ್ಲಿ. ಆದ್ದರಿಂದ ವೇತನ ಒಪ್ಪಂದಗಳ ಅಧ್ಯಯನ ಶೇಕಡಾವಾರು ಏರಿಕೆಗೆ ನಿಲ್ಲದೆ ಆ ಕೊನೆಯ ಪುಟಗಳನ್ನೂ ಓದಬೇಕು. ಮೂರು, ಬೇರೆ ವರ್ಗದ ನೌಕರರನ್ನು ದಾಟಿಕೊಂಡು ಹೋದ ಪೈಲಟ್‌ಗಳು ತಮ್ಮ ಸರದಿ ಬಂದಾಗ ಒಂಟಿಯಾದರು. ಕಾಂಟಿನೆಂಟಲ್‌ನ 1983 ಇದಕ್ಕೆ ದಾಖಲೆ.

ನಮ್ಮಲ್ಲಿ ವಿಮಾನಯಾನ ವೇಗವಾಗಿ ಬೆಳೆಯುತ್ತಿದೆ. ಲಕ್ಷಗಟ್ಟಲೆ ಸಾಲ ಮಾಡಿ ತರಬೇತಿ ಪಡೆದ ಹುಡುಗರು, ಹುಡುಗಿಯರು ಮೊದಲ ನೌಕರಿಗಾಗಿ ಕಾಯುತ್ತಿದ್ದಾರೆ. ಸಿಕ್ಕಿದ ಷರತ್ತಿಗೆ ಸಹಿ ಹಾಕಬೇಕಾದ ಒತ್ತಡ ಎಲ್ಲರಿಗಿಂತ ಹೆಚ್ಚು ಅವರ ಮೇಲಿದೆ. ಮುಂದಿನ ವೇತನ ಒಪ್ಪಂದಕ್ಕೆ ಕೂರುವ ಹಿರಿಯ ಪೈಲಟ್‌ಗಳು ತಮ್ಮ ಬೇಡಿಕೆ ಪಟ್ಟಿಯ ಮೊದಲ ಸಾಲಿನಲ್ಲಿ ಈ ಕಿರಿಯರ ಸಂಬಳ ಮತ್ತು ಭದ್ರತೆಯನ್ನು ಬರೆದರೆ, ಅದರಿಂದ ಅವರ ಉಳಿದ ಬೇಡಿಕೆಗಳೂ ಗಟ್ಟಿಯಾಗುತ್ತವೆ ಎಂಬುದು 1985ರ ದಾಖಲೆ ಕೊಡುವ ಸ್ಪಷ್ಟ ಸಲಹೆ.